ಒಳಪದರಕ್ಕೆ ಹೋದ ನಲವತ್ತಮೂರು ತುಂಡು

ಸೊಸೆ ಹೆಗಲಿನ ಚೀಲ ಇಳಿಸುವ ಮೊದಲೇ ಅತ್ತೆ ಅದಕ್ಕೆ ಕೈ ಹಾಕಲು ಶುರುಮಾಡಿ ಮೂರು ವಾರವಾಗಿತ್ತು.

"ಏನತ್ತೆ, ಗೇಟಿನವನು ಒಂದ್ಸಲ ಕಲಕಿದ್ದು ಸಾಲ್ದಾ?" ಸೊಸೆ ನಕ್ಕ ಹಾಗೆ ಮಾಡಿದಳು.

"ಅಂಚಿಗೆ ಪಟ್ಟಿ ಕಡಿಮೆ ಬಿದ್ದಿದೆ ಕಣೇ, ಇದ್ಯಾ ಅಂತ ನೋಡ್ದೆ."

"ನೋಡಿ ನೋಡಿ. ನಿಧಿ ಗಿಧಿ ಸಿಕ್ಕಿದ್ರೆ ನಂಗೂ ಅರ್ಧ ಕೊಡಿ."

ಪ್ರತಿ ಶನಿವಾರ ಗಾರ್ಮೆಂಟ್ಸ್‌ನಿಂದ ಬರುವ ಚೀಲ ಅದು. ಕಟಿಂಗ್ ಮೇಜಿನ ಕೆಳಗೆ ಬಿದ್ದ ಚೂರುಪಾರು ಬಟ್ಟೆಯನ್ನು ಹೆಂಗಸರು ವಾರಕ್ಕೊಂದು ಚೀಲ ಒಯ್ಯಬಹುದೆಂದು ಕಂಪನಿ ಒಪ್ಪಿತ್ತು. ಧಾರಾಳತನದಿಂದ ಒಪ್ಪಿದ್ದಲ್ಲ. ಕಸದ ಗಾಡಿಯ ಕೆಲಸ ಹೆಂಗಸರ ಹೆಗಲ ಮೇಲೆ ಹೋದರೆ ಗಾಡಿಯ ಬಾಡಿಗೆ ಉಳಿಯುತ್ತದಲ್ಲ! ಆದರೂ ಗೇಟಿನಲ್ಲಿ ಕಾವಲುಗಾರ ಮೊಣಕೈವರೆಗೆ ಕೈಯಿಳಿಸಿ ಚೀಲ ತಡಕುತ್ತಿದ್ದ. ಮೈ ತಡಕಲು ಬೇರೆ ಒಬ್ಬಳನ್ನು ಸಂಬಳ ಕೊಟ್ಟು ಇಟ್ಟಿದ್ದರು. ಕಸವನ್ನು ಕೊಡುವಾಗಲೂ ಕಳ್ಳರಿಗೆ ಕೊಟ್ಟ ಹಾಗೆಯೇ ಕೊಡಬೇಕು ಎಂಬುದು ಅಲ್ಲಿನ ದೊಡ್ಡವರ ಕಟ್ಟಳೆ.

ಅತ್ತೆ ಆ ಚೂರುಗಳಿಂದ ಕೌದಿ ಹೊಲಿಯುತ್ತಿದ್ದಳು. ಬೀದಿಯಲ್ಲಿ ಅವಳಿಗೆ ಕೌದಿಯಮ್ಮ ಎಂದೇ ಹೆಸರು. ಚೀಲವನ್ನು ನೆಲದ ಮೇಲೆ ಸುರಿದು ಮೂರು ಗುಡ್ಡೆ ಮಾಡುವಳು. ಅಂಗೈಗಿಂತ ಅಗಲವಾದದ್ದು ಮೇಲುಹೊದಿಕೆಗೆ. ಉದ್ದ ಪಟ್ಟಿಗಳು ಅಂಚಿಗೆ. ಎಣ್ಣೆ ಕಲೆಯದು, ಓರೆಕೋರೆಯದು, ಮೆಷಿನ್ನಿನಲ್ಲಿ ದಾರ ಸರಿಯಾಗಿ ಓಡುತ್ತದೋ ಇಲ್ಲವೋ ಎಂದು ಗೀಚಿದ ಹಾಗೆ ಹೊಲಿದು ನೋಡಿ ಬಿಸಾಡಿದ್ದು, ಇವೆಲ್ಲ ಒಳಪದರಕ್ಕೆ. ಉಗುರಗಲದ ಚೂರನ್ನೂ ಎಸೆದವಳಲ್ಲ. ಅವಳಿಗೆ ಓದುಬರಹ ಬಾರದು. ಆದರೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಇದು ಅಂಗಿಯದು, ಇದು ಪ್ಯಾಂಟಿನದು, ಇದು ಎರಡು ಒಗೆತಕ್ಕೆ ಬಣ್ಣ ಬಿಡುವ ಮೋಸದ್ದು ಎಂದು ಹೇಳಬಲ್ಲಳು.

ಅಂಥವಳ ತಲೆಗೆ ಹುಳ ಬಿಟ್ಟವನು ಸೊಸೆಯ ವಿಭಾಗದ ಸೂಪರ್‌ವೈಸರ್. ಅಳತೆಯ ಟೇಪು ಸದಾ ಕುತ್ತಿಗೆಯಲ್ಲಿ ನೇತಾಡುತ್ತಿದ್ದುದರಿಂದ ಹೆಂಗಸರು ಅವನನ್ನು ಟೇಪು ಎಂದೇ ಕರೆಯುತ್ತಿದ್ದರು. ಸೊಸೆ ಕೆಲಸದಲ್ಲಿದ್ದ ಹೊತ್ತು ನೋಡಿ, ಈ ದಾರಿಯಲ್ಲೇ ಹೋಗುತ್ತಿದ್ದೆ ಎನ್ನುತ್ತ ಬಾಗಿಲಿಗೆ ಬಂದಿದ್ದ. ನೀರು ಕೇಳಿ ಕುಡಿದ. ಕೌದಿಗಳನ್ನು ಹೊಗಳಿದ. ಕೊನೆಗೆ ದನಿ ತಗ್ಗಿಸಿದ.

"ಫ್ಲೋರಿಂದ ಕತ್ತರಿಸಿದ ಮಾಲು ಕಾಣೆ ಆಗ್ತಿದೆ ಅಮ್ಮ. ಚೂರಿನ ಚೀಲದಲ್ಲೇ ಹೋಗ್ತಿದೆ ಅಂತ ಮೇಲಿನವ್ರ ಗುಮಾನಿ. ನಿಮ್ಮ ಸೊಸೆ ಮೇಲೆ ನಂಗೆ ಅನುಮಾನ ಇಲ್ಲಪ್ಪ. ಇದ್ದಿದ್ರೆ ನಿಮ್ಮನೇಲಿ ನೀರು ಕುಡೀತಿದ್ನಾ? ಆದ್ರೆ ಅವಳ ಸಹವಾಸ ಸರಿ ಇಲ್ಲ. ಏನಾದ್ರೂ ಕಣ್ಣಿಗೆ ಬಿದ್ರೆ ನಂಗೊಂದು ಮಾತು ಹೇಳಿ. ಕೆಲಸ ಹೋಗದ ಹಾಗೆ ನಾನು ನೋಡ್ಕೋತೀನಿ."

ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ. ಲಾರಿ ಓಡಿಸುವ ಮಗ ತಿಂಗಳಿಗೆರಡು ಸಲ ಮುಖ ತೋರಿಸಿದರೆ ಹೆಚ್ಚು. ಮನೆ ನಿಂತಿದ್ದು ಸೊಸೆಯ ಕೆಲಸದ ಮೇಲೆ. ಅದೂ ಹೋಗಲಿ, ಮಗನಿಗೆ ಹೆಣ್ಣು ನೋಡಲು ಹೋದಾಗ ಆ ಹುಡುಗಿಯ ಕೈಹೊಲಿಗೆ ನೋಡಿ ಮುಖವನ್ನೂ ಸರಿಯಾಗಿ ನೋಡದೆ ಒಪ್ಪಿಕೊಂಡು ಬಂದವಳು ಅವಳು. ಅಂಥ ಕೈ ಕಳ್ಳತನ ಮಾಡುತ್ತದೆಯೇ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಭಾನುವಾರ ಕೌದಿ ಹೊಲಿಗೆಗೆ ಕೈಜೋಡಿಸಲು ಎಂದು ಸೊಸೆಯ ಜೊತೆಗಾರ್ತಿಯರು ಬರುತ್ತಿದ್ದರು. ಕಾಲರ್ ಹೊಲಿಯುವ ಗಟ್ಟಿ ಗಂಟಲಿನ ಹೆಂಗಸೊಬ್ಬಳು. ಎಲ್ಲರೂ ಅವಳನ್ನು ಕಾಲರ್ ಅಕ್ಕ ಅನ್ನುವರು. ಗುಂಡಿ ಹಚ್ಚುವ ಹುಡುಗಿಯೊಬ್ಬಳು; ಅವಳ ಅಡ್ಡಹೆಸರೂ ಗುಂಡಿಯೇ. ಮೊದಲೆಲ್ಲ ಅತ್ತೆ ಅದನ್ನು ಹರಟೆ ಎಂದುಕೊಂಡಿದ್ದಳು. ಈಗ ಗಮನಿಸಿದರೆ, ತಾನು ಚಹಾ ಹಿಡಿದು ಒಳಗೆ ಬಂದೊಡನೆ ಮಾತು ಕತ್ತರಿಸಿದ ದಾರದಂತೆ ನಿಲ್ಲುತ್ತಿತ್ತು. ಎರಡು ಗಂಟೆ ಕೂತರೂ ಒಂದು ಗೇಣು ಹೊಲಿಗೆ ಸಾಗಿರುತ್ತಿರಲಿಲ್ಲ. ಹೊಲಿಯಲು ಬಂದವರು ಹೊಲಿಯದಿದ್ದರೆ ಮತ್ತೇನಕ್ಕೆ ಬಂದರು?

ಬುಧವಾರ ಉತ್ತರ ಸಿಕ್ಕಿತು. ಮನೆಯ ಹಳೇ ಹೊಲಿಗೆ ಮೆಷಿನ್ನಿನ ಖಾನೆ ಪೂರ್ತಿ ಮುಚ್ಚುತ್ತಿರಲಿಲ್ಲ. ಎಳೆದು ತೆಗೆದು ನೋಡಿದರೆ ಹಿಂದಿನ ಸಂದಿಯಲ್ಲಿ ಬಟ್ಟೆಯ ಗಂಟು. ಬಿಚ್ಚಿದಳು. ಗಟ್ಟಿ ನೇಯ್ಗೆಯ ನೀಲಿ ಬಟ್ಟೆಯ ತುಂಡುಗಳು. ಒಂದರ ಮೇಲೊಂದು ಇಟ್ಟಳು. ಅಂಚಿಗೆ ಅಂಚು ಕೂತಿತು. ಕಸ ಯಾವತ್ತೂ ಒಂದೇ ಅಳತೆಗೆ ಬೀಳುವುದಿಲ್ಲ. ಇವು ಜೇಬಿನ ತುಂಡುಗಳು, ಕಟಿಂಗ್ ಮೇಜಿನಿಂದ ಎದ್ದು ಬಂದವು. ಒಂದೊಂದರ ಮೇಲೂ ಕೆಂಪು ದಾರದ ಸೊಟ್ಟಂಬಟ್ಟ ಹೊಲಿಗೆ. ಗೇಟಿನವನು ನೋಡಿದರೆ ದಾರ ಪರೀಕ್ಷಿಸಿದ ಚಿಂದಿ ಅಂದುಕೊಳ್ಳಲಿ ಅಂತ ಮಾಡಿದ ಉಪಾಯ! ಅತ್ತೆಗೆ ಸಿಟ್ಟೂ ಬಂತು, ಸೊಸೆಯ ಬುದ್ಧಿಯ ಬಗ್ಗೆ ಒಳಗೊಳಗೇ ಮೆಚ್ಚುಗೆಯೂ ಬಂತು. ಎಣಿಸಿದಳು. ನಲವತ್ತಮೂರು.

ಟೇಪುವಿಗೆ ಹೇಳುವ ಯೋಚನೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳು. ಬಂತು, ಎರಡು ಗಳಿಗೆ ಕೂತಿತ್ತು, ಎದ್ದು ಹೋಯಿತು. ಸೊಸೆಯನ್ನೇ ಕೇಳಿದರೆ? ಕೇಳಿದ ಮೇಲೆ ಅವಳು ಹೂಂ ಅಂದರೆ ಏನು ಮಾಡುವುದು? ಮನೆ ಮರ್ಯಾದೆ ಉಳಿಯಬೇಕು, ಮಾಲು ಕಣ್ಣಿಗೆ ಬೀಳಬಾರದು. ಗೋಡೆಗೊರಗಿಸಿದ್ದ ಮಕ್ಕಳ ಕೌದಿಯೊಂದಕ್ಕೆ ಇನ್ನೂ ಹೊಟ್ಟೆ ತುಂಬಿರಲಿಲ್ಲ. ನಲವತ್ತಮೂರನ್ನೂ ಅದರೊಳಗೆ ಹಾಸಿ, ಮೇಲೆ ಹೊದಿಕೆ ಎಳೆದು, ಅಗಲಗಲ ಸಾಲಿನಲ್ಲಿ ಹೊಲಿಗೆ ಓಡಿಸಿದಳು. ಶುಕ್ರವಾರ ಬೆಳಿಗ್ಗೆಗೆ ನಾಲ್ಕೂ ಅಂಚು ಮುಚ್ಚಿದವು.

ಶುಕ್ರವಾರ ಮಧ್ಯಾಹ್ನವೇ ಟೇಪು ಮತ್ತೆ ಬಂದ.

"ಸುಮ್ನೆ ಬಂದೆ ಅಮ್ಮ." ಎನ್ನುತ್ತಲೇ ಮಂಚದ ಕೆಳಗೆ ಬಗ್ಗಿದ. ಅಡುಗೆಮನೆಯ ಡಬ್ಬಿಗಳ ಹಿಂದೆ ಇಣುಕಿದ. ಮೆಷಿನ್ನಿನ ಹತ್ತಿರ ಹೋಗಿ, "ಎಷ್ಟು ಹಳೇದು ಇದು! ಈಗ ಇಂಥಾದ್ದು ಎಲ್ಲಿ ಸಿಗತ್ತೆ?" ಎಂದು ಖಾನೆಯನ್ನು ಪೂರ್ತಿ ಹೊರಗೆಳೆದ. ಬರೀ ದಾರದ ಬಾಬಿನ್ನುಗಳು ಉರುಳಿದವು.

"ಏನು ಹುಡುಕ್ತಿದ್ದೀರಿ ಸಾರ್? ಹೇಳಿದ್ರೆ ನಾನೂ ಹುಡುಕ್ತೀನಿ."

"ಏನೂ ಇಲ್ಲ, ಏನೂ ಇಲ್ಲ." ಅವನ ಕಣ್ಣು ಪುಟ್ಟ ಕೌದಿಯ ಮೇಲೆ ಬಿತ್ತು. "ಅರೆ, ಇದು ಚೆನ್ನಾಗಿದೆ. ಮನೇಲಿ ಮಗು ಇದೆ, ಮೊನ್ನೆ ತಾನೇ ಮೂರು ತಿಂಗಳು ತುಂಬ್ತು. ಇದನ್ನ ನಂಗೆ ಕೊಟ್ಬಿಡಿ."

"ಅದಾ... ಅದು ಒಬ್ರು ಹೇಳಿ ಮಾಡಿಸಿದ್ದು."

"ಅವ್ರಿಗೆ ಇನ್ನೊಂದು ಮಾಡಿ. ಸೊಸೆ ಕೆಲಸ ಕಾಯೋನು ನಾನು, ಒಂದು ಕೌದಿ ಕೊಡಲ್ವಾ?"

ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಹುಟ್ಟುತ್ತದೆ. ಕೊಟ್ಟಳು. ಅವನ ಸ್ಕೂಟರ್ ಬೀದಿ ತಿರುಗುವವರೆಗೆ ನಿಂತು ನೋಡಿ, ಹೋಗಲಿ, ಕದ್ದ ಮಾಲು ಮಾಲೀಕರ ಕಡೆಗೇ ಹೋಯಿತು, ಪಾಪ ಕಳೆಯಿತು ಎಂದು ಸಮಾಧಾನ ಮಾಡಿಕೊಂಡಳು.

ಆ ಸಮಾಧಾನ ಭಾನುವಾರ ಹತ್ತು ಗಂಟೆಯವರೆಗೆ ಮಾತ್ರ ಬಾಳಿತು.

ಕಾಲರ್ ಅಕ್ಕನೂ ಗುಂಡಿಯೂ ಬಂದು ಕೂತಿದ್ದರು. ಸೊಸೆ ಬಾಗಿಲು ಓರೆ ಮಾಡಿ, ಖಾನೆ ತೆಗೆದು, ಸಂದಿಗೆ ಕೈ ಹಾಕಿದಳು. ಇನ್ನೊಮ್ಮೆ ಹಾಕಿದಳು. ಮೆಷಿನ್ನನ್ನೇ ಗೋಡೆಯಿಂದ ಎಳೆದಳು. ಆಮೇಲೆ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

"ಅತ್ತೆ. ಇಲ್ಲಿದ್ದದ್ದು ಎಲ್ಲಿ?"

"ಕಳ್ಳ ಮಾಲು ಮನೇಲಿ ಇಟ್ಕೊಳ್ಳೋದಕ್ಕಾಗತ್ತಾ? ಒಳಗೆ ತುಂಬಿ ಹೊಲಿದೆ."

"ಯಾವುದ್ರ ಒಳಗೆ?"

"ಪುಟ್ಟ ಕೌದಿ ಒಳಗೆ. ನಿನ್ನ ಉಳಿಸೋಕೇ ಮಾಡಿದ್ದು ಕಣೇ!"

"ಕೌದಿ ಎಲ್ಲಿ?"

ಅತ್ತೆ ಹೇಳಿದಳು. ಗುಂಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಕಾಲರ್ ಅಕ್ಕ ಮಾತ್ರ ಎದ್ದೇ ನಿಂತಳು.

"ನಾನು ಮೊದಲೇ ಬಡ್ಕೊಂಡೆ! ಆ ಟೇಪು ಈ ಮನೇಲಿ ನೀರು ಕುಡ್ದು ಹೋದ ಅಂತ ಗೊತ್ತಾದ ದಿನಾನೇ ಹೇಳ್ದೆ, ಇಲ್ಲಿಡೋದು ಬೇಡ ಅಂತ. ಇಡೀ ಗಂಟನ್ನ ಮಡಚಿ, ಹೊಲಿದು, ಬಾಗಿನ ಕೊಟ್ಟ ಹಾಗೆ ಕೊಟ್ಟಿದ್ದಾರಲ್ಲ ನಿಮ್ಮತ್ತೆ!"

"ಏನಿತ್ತೇ ಅದ್ರಲ್ಲಿ?" ಅತ್ತೆ ಕೇಳಿದಳು. "ಜೇಬಿನ ತುಂಡು ತಾನೇ?"

"ಹೆಸರು ಅತ್ತೆ," ಎಂದಳು ಸೊಸೆ. "ನಲವತ್ಮೂರು ಜನರ ಹೆಸರು."

ಆಗ ಎಲ್ಲ ಹೊರಬಿತ್ತು. ಹೋದ ತಿಂಗಳು ಇಸ್ತ್ರಿ ವಿಭಾಗದಲ್ಲಿ ವೈರು ಸುಟ್ಟು ಹೊಗೆ ತುಂಬಿತ್ತು. ಹೆಂಗಸರೆಲ್ಲ ಹಿಂಬಾಗಿಲಿಗೆ ಓಡಿದರೆ ಆ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಬೀಗ. ಬಟ್ಟೆ ಕದ್ದು ಆ ದಾರಿಯಲ್ಲಿ ಸಾಗಿಸುತ್ತಾರೆ ಎಂದು ಕಂಪನಿ ಹಾಕಿಸಿದ ಬೀಗ. ಮೆಟ್ಟಿಲ ಮೇಲೆ ಕಾಲ್ತುಳಿತದಲ್ಲಿ ಗುಂಡಿಯ ಪಕ್ಕೆಲುಬು ಬಿರುಕುಬಿಟ್ಟಿತು. ಅಷ್ಟೂ ಹೆಂಗಸರನ್ನು ಉಸಿರುಗಟ್ಟಿಸಿ ಕೊಂದರೂ ಸರಿ, ನಾಲ್ಕು ಮೀಟರ್ ಬಟ್ಟೆ ಹೋಗಬಾರದು! ಬಾಗಿಲು ತೆಗೆಸಿ ಎಂದು ಬಾಯಲ್ಲಿ ಕೇಳಿದ ಇಬ್ಬರನ್ನು ಮರುದಿನವೇ ಮನೆಗೆ ಕಳಿಸಿದರು. ಅದಕ್ಕೇ ಎಲ್ಲರ ಹೆಸರೂ ಒಟ್ಟಾಗುವವರೆಗೆ ಉಸಿರು ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದರು. ಕಾಗದ ಒಯ್ದರೆ ಗೇಟಿನಲ್ಲಿ ಸಿಕ್ಕಿಬೀಳುತ್ತದೆ. ದಾರ ಪರೀಕ್ಷಿಸಿದ ಚಿಂದಿಯನ್ನು ಯಾರೂ ತಿರುಗಿಸಿಯೂ ನೋಡುವುದಿಲ್ಲ. ಬಣ್ಣ ತಪ್ಪಿತೆಂದು ಬಿಸಾಡಿದ ಜೇಬಿನ ತುಂಡುಗಳ ಮೇಲೆ ಒಬ್ಬೊಬ್ಬಳೂ ಸಹಿಯ ಬದಲು ತನ್ನ ಮೆಷಿನ್ನಿನಲ್ಲೇ ತನ್ನ ಹೆಸರು ಹೊಲಿದಿದ್ದಳು.

"ನಂಗೊಂದು ಮಾತು ಹೇಳಬಾರದಿತ್ತೇನೇ?"

"ನೀವು ಅವನ ಜೊತೆ ಬಾಗಿಲಲ್ಲಿ ಪಿಸುಗುಡ್ತಿದ್ದದ್ದನ್ನ ಎದುರುಮನೆಯವ್ರು ನೋಡಿದ್ರು. ಮರುವಾರದಿಂದ ನನ್ನ ಚೀಲಕ್ಕೆ ಕೈ ಹಾಕೋಕೆ ಶುರುಮಾಡಿದ್ರಿ. ಏನಂತ ಹೇಳ್ಲಿ?"

ಅತ್ತೆ ಎದ್ದಳು. ಸೂಜಿ ಚುಚ್ಚುವ ಪಿಂಡಿಯಿಂದ ಒಂದು ಸೂಜಿ ಕಿತ್ತು, ರವಿಕೆಯ ಒಳಮಡಿಕೆಗೆ ಸಿಕ್ಕಿಸಿಕೊಂಡಳು.

"ಎಲ್ಲಿಗೆ?" ಕಾಲರ್ ಅಕ್ಕ ಬಾಗಿಲಿಗೆ ಅಡ್ಡ ಬಂದಳು.

"ಎಳೇಮಗು ಹೊದ್ಕೊಳ್ಳೋ ಕೌದೀಲಿ ಸೂಜಿ ಉಳಿದುಹೋಗಿದೆ ಅಂದ್ರೆ ಯಾವ ತಾಯಿ ಸುಮ್ನಿರ್ತಾಳೆ?"

ಕೊನೆಗೆ ಸೊಸೆಯೇ ಹೇಳಿದಳು, "ಗುಂಡಿ, ನೀನೂ ಹೋಗು. ಬೀದಿ ಕೊನೇಲಿ ನಿಂತಿರು." ಅತ್ತೆಗೆ ಅರ್ಥವಾಯಿತು. ಅದು ಕಾವಲು. ಆಗಲಿ ಎಂದುಕೊಂಡಳು.

ಟೇಪುವಿನ ಮನೆ ಎರಡನೇ ಮಹಡಿಯಲ್ಲಿತ್ತು. ಟೇಪಿಲ್ಲದ ಅವನ ಕುತ್ತಿಗೆ ರೆಕ್ಕೆಪುಕ್ಕ ತರಿದ ಕೋಳಿಯ ಹಾಗೆ ಕಂಡಿತು. ಸೂಜಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಹೆಂಡತಿ ಮಗುವನ್ನು ಎತ್ತಿಕೊಂಡು, ಮೈಯೆಲ್ಲ ತಡವಿ ನೋಡತೊಡಗಿದಳು.

"ಕೊಡಿ ಸಾರ್, ಮನೆಗೆ ಒಯ್ದು ಬಿಚ್ಚಿ, ನಾಳೆ ತಂದುಕೊಡ್ತೀನಿ."

ಟೇಪು ಕೌದಿಯನ್ನು ಕೈಯಲ್ಲಿ ಹಿಡಿದೇ ಅವಳನ್ನು ನೋಡಿದ. "ಅದಕ್ಯಾಕೆ ಅಷ್ಟು ದೂರ? ಇಲ್ಲೇ ಬಿಚ್ಚಿ. ಕತ್ತರಿ ನಾನೇ ಕೊಡ್ತೀನಿ."

ಅವಳು ನೆಲಕ್ಕೆ ಕೂತಳು. ಅವನು ಕುರ್ಚಿ ಎಳೆದು ಎದುರಿಗೇ ಕೂತ. ಗೇಟಿನಲ್ಲಿ ಚೀಲ ತಡಕುವವನ ಕಣ್ಣು ಅವು, ಮನೆಯಲ್ಲೂ ಬದಲಾಗಿರಲಿಲ್ಲ. ಅತ್ತೆ ಅಂಚು ಬಿಚ್ಚಿದಳು, ಸಾಲುಹೊಲಿಗೆ ಒಂದೊಂದಾಗಿ ಕತ್ತರಿಸಿದಳು. ನೀಲಿ ತುಂಡುಗಳನ್ನು ತೆಗೆದು ತೆಗೆದು ಕೆಂಪು ದಾರ ಕೆಳಗೆ ಬರುವ ಹಾಗೆ ಮಡಿಲಲ್ಲಿ ಕವುಚಿ ಹಾಕಿಕೊಂಡಳು. ಓದಲು ಬಾರದವಳಿಗೆ ಆ ಗೀಟುಗಳು ಆಗ ಮೊದಲ ಸಲ ಮುಖಗಳ ಹಾಗೆ ಕಂಡವು. ಇದರಲ್ಲಿ ಸೊಸೆ ಯಾರೋ, ಗುಂಡಿ ಯಾರೋ.

"ಎಲ್ಲಾ ಒಂದೇ ಬಟ್ಟೆ," ಅಂದ ಟೇಪು. "ಒಂದೇ ಅಳತೆ."

"ಬಣ್ಣ ತಪ್ಪಿದ್ದಂತೆ ಸಾರ್. ನಿಮ್ಮ ಕಂಪನೀದೇ ಕಸ."

ಅವನು ಬಗ್ಗಿ ಒಂದು ತುಂಡು ಎತ್ತಿಕೊಂಡ. ಹಿಂಬದಿಯಲ್ಲಿ ಗಂಟುಗಂಟು ದಾರ. ಇನ್ನು ತಿರುಗಿಸಿದರೆ ಮುಗಿಯಿತು. ಅತ್ತೆ ರವಿಕೆಯ ಮಡಿಕೆಗೆ ಬೆರಳು ತೂರಿಸಿ, ಸೂಜಿಯನ್ನು ಹೆಬ್ಬೆರಳಿಗೆ ಬಲವಾಗಿ ಇಳಿಸಿಕೊಂಡಳು.

"ಅಯ್ಯೋ! ಸಿಕ್ಕಿತು!"

ರಕ್ತ ತೊಟ್ಟಿಕ್ಕಿತು. ಟೇಪುವಿನ ಹೆಂಡತಿ ಚೀರಿದಳು. ಮಗು ಅಳತೊಡಗಿತು. "ರೀ, ನನ್ನ ಮಗೂನ ಕೊಲ್ಲೋಕೆ ತಂದ್ರಾ ಇದನ್ನ? ಮೊದ್ಲು ಮನೆಯಿಂದ ಆಚೆ ಹಾಕ್ರಿ! ಚೂರೂ ಉಳಿಯಬಾರ್ದು!" ಗಂಡ ಎದ್ದು ಮಗುವಿನ ಕಡೆ ಹೋದ. ಅತ್ತೆ ಸಿಕ್ಕಿದ್ದನ್ನೆಲ್ಲ ಕೌದಿಯೊಳಗೆ ಬಾಚಿ, ಸುತ್ತಿ, ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ಸೊಸೆ ಎಣಿಸಿದಳು. ಕಾಲರ್ ಅಕ್ಕ ಎಣಿಸಿದಳು. ನಲವತ್ತೆರಡು.

ನೆಲದ ಮೇಲೆ ಸಾಲಾಗಿ ಹಾಸಿ ಓದಿದರು. ಇಲ್ಲದ ಹೆಸರು ಸೊಸೆಯದೇ.

"ವಾಹ್," ಅಂದಳು ಕಾಲರ್ ಅಕ್ಕ. "ನಲವತ್ತೆರಡು ಜನ ಊರೋರು, ಒಬ್ಬಳು ಮನೆಯವಳು. ಮನೆಯವಳದ್ದು ಮಾತ್ರ ಮಾಯ."

"ನಂಗೆ ಓದೋಕೆ ಬಂದಿದ್ರೆ ಇಷ್ಟೆಲ್ಲ ಆಗ್ತಿತ್ತೇನೇ ತಾಯಿ?" ಅತ್ತೆ ಕೂಗಿಯೇಬಿಟ್ಟಳು. "ಅವನು ಒಂದು ಎತ್ಕೊಂಡಿದ್ದ. ವಾಪಸ್ ಹಾಕಿದ್ನೋ ಇಲ್ವೋ ನಾನು ನೋಡ್ಲಿಲ್ಲ. ಕೈಯಲ್ಲಿ ರಕ್ತ ಸುರೀತಿತ್ತು."

"ಕೆಳಗಿಳಿದ ಮೇಲೆ ಕೌದಿ ಬಿಚ್ಚಲಿಲ್ಲ ಅಜ್ಜಿ, ನಾನು ನೋಡ್ತಾನೇ ಇದ್ದೆ," ಅಂದಳು ಗುಂಡಿ.

"ಮೇಲೆ ಏನು ಮಾಡಿದ್ರೋ ನೀನು ನೋಡಿದ್ಯಾ?" ಎಂದಳು ಕಾಲರ್ ಅಕ್ಕ.

ಸೊಸೆ ಅತ್ತೆಯ ಹೆಬ್ಬೆರಳನ್ನು ನೋಡಿದಳು, ಆಮೇಲೆ ಅತ್ತೆಯ ರವಿಕೆಯನ್ನೂ ನೋಡಿದಳು. ಆ ನೋಟ ಸೂಜಿಗಿಂತ ಆಳಕ್ಕೆ ಇಳಿಯಿತು. ಅತ್ತೆ ಎದ್ದು ನಿಂತು, ಸೆರಗು ಕೊಡವಿ, ರವಿಕೆಯ ಮಡಿಕೆ ತಿರುವಿ ತೋರಿಸಿದಳು. "ನೋಡ್ಕೊಳ್ಳೇ. ನಾನು ನಿನ್ನ ಚೀಲ ನೋಡ್ಲಿಲ್ವಾ?"

ಸೊಸೆ ಮುಖ ತಿರುಗಿಸಿದಳು. ಮಾತಾಡಿದಾಗ ದನಿ ಗಟ್ಟಿಯಾಗಿತ್ತು. "ಅವನ ಹತ್ರ ಇದೆ ಅಂತಲೇ ಇಟ್ಕೊಳ್ಳೋಣ. ಒಂದೇ ಹೆಸರು ಸಿಕ್ಕಿದ್ರೆ ನಾನು ಕಳ್ಳಿ. ಕಂಪನಿ ಬಟ್ಟೆ ಹಾಳು ಮಾಡಿದವಳು. ಇನ್ನು ಎಲ್ಲರದ್ದೂ ಸೇರ್ಲಿ ಅಂತ ಕಾಯೋ ಹಾಗಿಲ್ಲ. ಇರೋ ನಲವತ್ತೆರಡಕ್ಕೆ ನನ್ನದನ್ನ ಹೊಸದಾಗಿ ಸೇರ್ಸಿ ನಾಳೇನೇ ಮ್ಯಾನೇಜರ್ ಮುಂದೆ ಹೋಗಬೇಕು. ಬಚ್ಚಿಟ್ಟು ಅಲ್ಲ, ಒಂದೇ ಬಟ್ಟೆಯಾಗಿ ಹೊಲಿದು, ಬಿಡಿಸಿ ಹಾಸಿ."

ಕಾಲರ್ ಅಕ್ಕ ತುಸು ಯೋಚಿಸಿ ತಲೆದೂಗಿದಳು. "ಹೊಲಿಯೋರು ಯಾರು?"

"ನಾನು," ಅಂದಳು ಅತ್ತೆ.

ಸೊಸೆ ಹೊಸ ತುಂಡಿನ ಮೇಲೆ ತನ್ನ ಹೆಸರು ಹೊಲಿದಳು. ಆಮೇಲೆ ಅತ್ತೆಯ ಪಕ್ಕದಲ್ಲೇ ಕೂತು ಒಂದೊಂದು ತುಂಡನ್ನೂ ಎಣಿಸಿ ಎಣಿಸಿ ಅವಳ ಕೈಗೆ ಕೊಟ್ಟಳು. ಯಾವುದು ಮೇಲು, ಯಾವುದು ಕೆಳಗು ಎಂದು ಅತ್ತೆ ಕೇಳುವಳು, ಸೊಸೆ ತಿರುಗಿಸಿ ಕೊಡುವಳು. ಹೊತ್ತು ಮುಳುಗುವ ಮೊದಲೇ ಬಟ್ಟೆ ಸಿದ್ಧವಾಯಿತು.

ಸೋಮವಾರ ಬೆಳಿಗ್ಗೆ ಅತ್ತೆಯೂ ಗೇಟಿನವರೆಗೆ ಹೋದಳು. ಟೇಪು ಅಲ್ಲೇ ನಿಂತಿದ್ದ, ಕುತ್ತಿಗೆಯಲ್ಲಿ ಟೇಪು, ಬೆರಳುಗಳ ನಡುವೆ ನೀಲಿ ತುಂಡು. "ನೀನು ಮಾತ್ರ ಆಫೀಸಿಗೆ ಬಾ," ಎಂದ ಸೊಸೆಗೆ.

ಕಾಲರ್ ಅಕ್ಕ ಅದನ್ನು ನೋಡಿದಳು. ತಿರುಗಿ ಅತ್ತೆಯನ್ನು ನೋಡಿದಳು. ತಪ್ಪಾಯಿತು ಅನ್ನಲಿಲ್ಲ, ಅವಳು ಆ ಜಾತಿಯ ಹೆಂಗಸಲ್ಲ. ಬಟ್ಟೆಯ ಒಂದು ತುದಿ ಹಿಡಿದು, ಇನ್ನೊಂದನ್ನು ಗುಂಡಿಗೆ ಎಸೆದು, ಟೇಪುವಿನ ಮೂಗಿನ ಮುಂದೆ ಬಿಡಿಸಿದಳು. "ಅವಳು ಮಾತ್ರ ಯಾಕೆ ಸಾರ್? ಓದಿ, ಎಲ್ಲರನ್ನೂ ಕರೀರಿ. ಹಾಜರಿ ತಗೊಂಡ ಹಾಗೂ ಆಯ್ತು."

ಅವರೆಲ್ಲ ಒಳಗೆ ಹೋದರು. ಗೇಟು ಮುಚ್ಚಿತು. ಒಂಬತ್ತಾದರೂ ಒಳಗಿನಿಂದ ಮೆಷಿನ್ನಿನ ಸದ್ದು ಬರಲಿಲ್ಲ. ಹತ್ತಾಯಿತು. ಅತ್ತೆಗೆ ಆ ಗೇಟಿನ ಮೇಲೆ ನಂಬಿಕೆ ಇರಲಿಲ್ಲ. ಗೋಡೆ ಸುತ್ತಿಕೊಂಡು ಹಿಂದಿನ ಓಣಿಗೆ ಹೋಗಿ, ಕಬ್ಬಿಣದ ಬಾಗಿಲಿನ ಎದುರಿಗೆ ಕೂತಳು. ಬೀಗ ಅವಳ ಮುಷ್ಟಿಯಷ್ಟು ದಪ್ಪವಿತ್ತು.

ಹನ್ನೊಂದರ ಸುಮಾರಿಗೆ ಕಾವಲುಗಾರ ಗೊಣಗುತ್ತ ಬಂದು ಬೀಗ ತೆಗೆದು, ಚಿಲಕಕ್ಕೆ ಹಾಗೇ ನೇತುಹಾಕಿ, ಬೀಗದಕೈ ಜೇಬಿಗಿಳಿಸಿ ಹೋದ. ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸೊಸೆ ನಿಂತಿದ್ದಳು.

"ತೆಗೆಸಿದ್ವಿ ಅತ್ತೆ. ಇವತ್ತಿಗೆ ಯಾರನ್ನೂ ಕೆಲಸದಿಂದ ತೆಗೀಲಿಲ್ಲ."

"ಇವತ್ತಿಗೆ ಅಂದ್ರೆ? ನಾಳೆ?"

"ಇನ್ನು ಹಾಕಲ್ಲ ಅಂತ ಮ್ಯಾನೇಜರ್ ಮಾತು ಕೊಟ್ಟಿದ್ದಾರೆ."

"ಮಾತು," ಎಂದಳು ಅತ್ತೆ. ಓಣಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಚಿಲಕದಿಂದ ಬೀಗ ಕಳಚಿ, ಸೆರಗಿನಲ್ಲಿ ಸುತ್ತಿ, ಕಂಕುಳಿಗೆ ಸೇರಿಸಿದಳು.

"ಅತ್ತೆ! ಕಳ್ಳತನ ಅದು!"

"ಹೂಂ ಕಣೇ. ಇಷ್ಟು ದಿನ ಸುಮ್ನೆ ಕಳ್ಳರು ಅನ್ನಿಸ್ಕೊಂಡಿದ್ದಾಯ್ತು. ಹೋಗು, ಒಳಗೆ ಕೆಲಸ ನೋಡು," ಎನ್ನುತ್ತ ಅವಳು ಓಣಿಯ ನೆರಳು ಹಿಡಿದು ಮನೆಯ ಕಡೆ ಹೆಜ್ಜೆ ಹಾಕಿದಳು.